ಅಕ್ಕನ ನ್ಯೂಯಾರ್ಕ್, ನನ್ನ ಶಿಕಾಗೋ

ನಾನು ಅಮೆರಿಕ ನೋಡಿದವಳಲ್ಲ. ಬೆಂಗಳೂರನ್ನು ನೋಡಿದ್ದೇ ಅಪರೂಪ, ಅದೂ ಮದುವೆ ಮನೆಗೆ ಹೋಗಿ ಹಿತ್ತಲಲ್ಲಿ ತರಕಾರಿ ಹೆಚ್ಚುತ್ತ ಕೂತು ಬಂದದ್ದು. ಆದರೂ ನ್ಯೂಯಾರ್ಕ್ ಎಂಬ ಊರಿನ ಮೇಲೆ ನನಗಿದ್ದಷ್ಟು ಹೊಟ್ಟೆಯುರಿ ಆ ಊರಿನ ನೆರೆಹೊರೆಯವರಿಗೂ ಇರಲಿಕ್ಕಿಲ್ಲ. ಯಾಕೆಂದರೆ ಅದು ನನ್ನ ಅಕ್ಕನ ಊರಾಗಿತ್ತು.

ನಾವು ಹುಟ್ಟಿದ್ದು ಮಧುಗಿರಿಯಲ್ಲಿ, ಬೆಟ್ಟದ ಬುಡದ ಬೀದಿಯಲ್ಲಿ. ನಾವಿಬ್ಬರು ಹೆಣ್ಣುಮಕ್ಕಳು, ನಮಗೊಬ್ಬ ಅಣ್ಣ. ಒಂದೇ ಬೇಸಿಗೆಯಲ್ಲಿ ಇಬ್ಬರಿಗೂ ಮದುವೆಯಾಯಿತು. ಅಕ್ಕನನ್ನು ಶಿರಾದ ಕಂಬಳಿ ವ್ಯಾಪಾರದವರ ಮನೆಗೆ ಕೊಟ್ಟರು, ನನ್ನನ್ನು ಕೊರಟಗೆರೆಯ ಬೆಲ್ಲದ ಮಂಡಿಯವರ ಮನೆಗೆ. ಅವಳಿಗೆ ಅತ್ತೆ, ಆಳುಕಾಳು, ಮಹಡಿ ಮನೆ. ನನಗೆ ಅತ್ತೆಯಿಲ್ಲದ ಮನೆ, ಎತ್ತ ತಿರುಗಿದರೂ ಬೆಲ್ಲದ ವಾಸನೆ. ಇದನ್ನೇ ಜನ ನನ್ನ ಪುಣ್ಯ ಅನ್ನುತ್ತಿದ್ದರು. ನನಗೆ ಹಾಗೆ ಅನ್ನಿಸಿರಲಿಲ್ಲ.

ನಮ್ಮ ಕಡೆ ಹೆಣ್ಣು ಗಂಡನ ಮನೆಗೆ ಹೊರಟಾಗ ತಾಯಿ ಪಟ್ಟದ ಗೊಂಬೆ ಕೊಟ್ಟು ಕಳಿಸಬೇಕು. ಮರದಲ್ಲಿ ಕಡೆದ ರಾಜ, ರಾಣಿ. ದಸರಾದಲ್ಲಿ ಮನೆಯಲ್ಲಿ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುವಾಗ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಅವರದು. ನಮ್ಮ ಅವ್ವನ ಹತ್ತಿರ ಇದ್ದದ್ದು ಒಂದೇ ಜೊತೆ, ರಕ್ತಚಂದನದ್ದು. ನಮ್ಮಜ್ಜಿ ಪಾವಗಡದ ತವರಿನಿಂದ ಗಾಡಿಯಲ್ಲಿ, ಮಡಿಲಲ್ಲಿ ಇಟ್ಟುಕೊಂಡೇ ತಂದಿದ್ದಳಂತೆ. ನಾವು ಚಿಕ್ಕವರಿದ್ದಾಗ ನಾನು ಎತ್ತಿಕೊಳ್ಳುತ್ತೇನೆ, ತಾನು ಎತ್ತಿಕೊಳ್ಳುತ್ತೇನೆ ಎಂದು ಇಬ್ಬರೂ ರಾಣಿಯನ್ನು ಎಳೆದಾಡಿ, ಅವಳು ಹೊಸಲಿನ ಮೇಲೆ ಬಿದ್ದು ಎಡಗಾಲಿನ ಹಿಮ್ಮಡಿ ಚೂರು ಹಾರಿಹೋಗಿತ್ತು. ಸೀರೆ ಉಡಿಸಿದರೆ ಕಾಣುತ್ತಿರಲಿಲ್ಲ.

ಅವ್ವ ಆ ಜೊತೆಯನ್ನು ಇಬ್ಬರಿಗೂ ಕೊಡಲಿಲ್ಲ. "ಗೊಂಬೆ ಒಂದು ಜೊತೆ ಐತೆ, ಹೆಣ್ಣು ಎರಡವೆ. ನೋಡಾನ ಬುಡ್ರೇ," ಅಂದಳು. ಆ 'ನೋಡಾನ' ವರ್ಷಗಟ್ಟಲೆ ನಡೆಯಿತು. ದಸರಾ ಬಂದರೆ ಮೇಲಿನ ಮೆಟ್ಟಿಲ ಮೇಲೆ ಬರೀ ಕಳಶ ಇಡುತ್ತಿದ್ದೆ. ಆರತಿಗೆ ಬಂದ ಹೆಂಗಸರು ಕತ್ತೆತ್ತಿ ನೋಡಿ, "ಯಾಕಮ್ಮ, ತವರಿಂದ ಪಟ್ಟದ ಗೊಂಬೆ ಬರ್ಲಿಲ್ವಾ?" ಅನ್ನುತ್ತಿದ್ದರು. ಶಿರಾದಲ್ಲೂ ಅಕ್ಕನಿಗೆ ಹೀಗೇ ಕೇಳುತ್ತಿದ್ದರಂತೆ. ಅಷ್ಟೇ ನನಗಿದ್ದ ಸಮಾಧಾನ. ಯಾರ ಮನೆಯ ಗೊಂಬೆ ಅವ್ವನ ಮನಸ್ಸಿಗೆ ಬರುತ್ತದೋ ಅವರಿಗೇ ಆ ಜೊತೆ ಎಂದು ನಾವಿಬ್ಬರೂ ತೀರ್ಮಾನ ಮಾಡಿಕೊಂಡಿದ್ದೆವು. ಅವ್ವ ಹಾಗೆ ಹೇಳಿದ್ದಳೇ? ಇಲ್ಲ. ನಾವೇ ಅಂದುಕೊಂಡದ್ದು.

ಆಗ ಅಕ್ಕನ ಗಂಡ, ನಮ್ಮ ಭಾವ, ಒಂದು ನೋಡುವ ಪೆಟ್ಟಿಗೆ ತಂದರು. ಶಿವನಸಮುದ್ರದ ವಿದ್ಯುತ್ ಕೆಲಸಕ್ಕೆ ಬಂದಿದ್ದ ಅಮೆರಿಕದ ಎಂಜಿನಿಯರೊಬ್ಬ ಊರಿಗೆ ಹೊರಟಾಗ ಮನೆಯ ಸಾಮಾನು ಮಾರಿದನಂತೆ. ಕಂಬಳಿ ಕೊಡಲು ಹೋದ ಭಾವ ಪೆಟ್ಟಿಗೆ ಕೊಂಡು ಬಂದರು. ಹಿಡಿಕೆ ಇರುವ ಚೌಕಟ್ಟು, ಕಣ್ಣಿಗೆ ಎರಡು ಗಾಜು. ಎದುರಿಗೆ ಒಂದು ರಟ್ಟಿನ ಚಿತ್ರ ಸಿಕ್ಕಿಸಿ ಬೆಳಕಿಗೆ ತಿರುಗಿ ನೋಡಿದರೆ ಊರಿಗೆ ಊರೇ ಎದ್ದು ನಿಲ್ಲುತ್ತಿತ್ತು. ದೀಪದ ಕಂಬ ಮುಂದೆ, ಕುದುರೆ ಗಾಡಿ ಅದರ ಹಿಂದೆ, ಮನೆ ಅದರಾಚೆ. ಕೈ ಚಾಚಿದರೆ ಗಾಡಿಯ ಗಾಲಿ ಸಿಗಬಹುದು ಅನ್ನಿಸುತ್ತಿತ್ತು. ಚಿತ್ರಗಳೆಲ್ಲ ಅಮೆರಿಕದ ದೊಡ್ಡ ಊರುಗಳವು. ಕೆಳಗೆ ಬರೆದಿದ್ದ ಇಂಗ್ಲಿಷನ್ನು ಭಾವ ಓದಿ ಹೇಳುತ್ತಿದ್ದರು.

ಒಂದು ಸಂಕ್ರಾಂತಿಗೆ ಶಿರಾಕ್ಕೆ ಹೋದಾಗ ಅಕ್ಕ ನನಗೆ ತೋರಿಸಿದಳು. ತೋರಿಸಿದಳು ಅನ್ನುವುದಕ್ಕಿಂತ ಆಸೆ ಹಚ್ಚಿದಳು ಅನ್ನಬೇಕು. ರಟ್ಟನ್ನು ತಾನೇ ಸಿಕ್ಕಿಸುವುದು, ಪೆಟ್ಟಿಗೆಯನ್ನು ತಾನೇ ಹಿಡಿಯುವುದು, ನಾನು ಒಂದು ಕಿಟಕಿಯನ್ನು ಪೂರ್ತಿ ನೋಡುವಷ್ಟರಲ್ಲಿ ಎಳೆದುಕೊಳ್ಳುವುದು.

"ಸಾಕು ಬುಡೇ, ಕಣ್ಣು ನೋಯ್ತವೆ."

ನನ್ನ ಕಣ್ಣು ನೊಂದರೆ ಇವಳ ಗಂಟೇನು ಹೋಗುತ್ತಿತ್ತು! ಆದರೂ ಸಿಕ್ಕಷ್ಟನ್ನು ನುಂಗಿಕೊಂಡೆ. ಕೊರಟಗೆರೆಗೆ ಬರುವ ದಾರಿಯುದ್ದಕ್ಕೂ ಗಾಡಿಯಲ್ಲಿ ಕಣ್ಣು ಮುಚ್ಚಿ ಆ ಊರುಗಳನ್ನು ಮತ್ತೆ ಮತ್ತೆ ನೋಡಿದೆ.

ನ್ಯೂಯಾರ್ಕ್ ಬರೀ ನಿಂತಿತ್ತು. ಅಲ್ಲಿ ಕೂತ ಮನೆಯೇ ಇಲ್ಲ. ಒಂದರ ಪಕ್ಕ ಒಂದು, ಮುಂದಿನವರ ಭುಜದ ಮೇಲಿಂದ ಇಣುಕುವವರ ಹಾಗೆ ಹಿಮ್ಮಡಿ ಎತ್ತಿ ನಿಂತಿದ್ದವು. ಎಷ್ಟು ಹುಡುಕಿದರೂ ಒಂದು ಜಗುಲಿ ಕಾಣಲಿಲ್ಲ. ಬಿಸಿಲಲ್ಲಿ ಬಂದವನು ಎಲ್ಲಿ ಕೂತುಕೊಳ್ಳಬೇಕು, ಯಾರ ಮನೆಯ ನೀರು ಕುಡಿಯಬೇಕು? ಬಾಸ್ಟನ್ ಹಾಗಲ್ಲ. ಕೆಂಪು ಇಟ್ಟಿಗೆ, ಸೊಟ್ಟ ಬೀದಿ, ಮಾಡಿಗೆ ಮಾಡು ತಾಗಿದ ಮನೆಗಳು. ಎದುರಿಂದ ಗಾಡಿ ಬಂದರೆ ಗೋಡೆಗೆ ಒತ್ತಿಕೊಳ್ಳಬೇಕಾದ ನಮ್ಮ ಮಧುಗಿರಿಯ ಬೀದಿಯನ್ನೇ ಇಟ್ಟಿಗೆಯಲ್ಲಿ ಕಟ್ಟಿದಂತಿತ್ತು. ನೋಡಿದ ಕೂಡಲೇ ಅಲ್ಲಿಯ ಮುದುಕಿಯರು ಮಾತಾಡಿಸಿಯಾರು ಅನ್ನಿಸಿತು. ವಾಷಿಂಗ್ಟನ್ ಬಿಳೀ ಕಂಬ, ಬಿಳೀ ಗುಮ್ಮಟ, ಬೀದಿ ಎಷ್ಟು ಅಗಲವೆಂದರೆ ಈಚೆ ಬದಿಯಲ್ಲಿ ಕರೆದರೆ ಆಚೆ ಬದಿಗೆ ಕೇಳಿಸದು. ಸಾರಿಸಿ ರಂಗೋಲಿ ಇಟ್ಟು, ನೆಂಟರು ಬರಲೇ ಇಲ್ಲ ಎಂದು ಕಾದು ಕೂತ ಮನೆಯ ಹಾಗೆ. ಶಿರಾದಲ್ಲೂ ಹಳೇ ಗುಮ್ಮಟಗಳಿವೆ, ಆದರೆ ಅವುಗಳ ನೆರಳಲ್ಲಿ ಆಡು ಮಲಗಿರುತ್ತವೆ. ನ್ಯೂ ಆರ್ಲಿಯನ್ಸ್‌ನ ಮಹಡಿಗಳ ಕಬ್ಬಿಣದ ಕಟಾಂಜನದಲ್ಲಿ ಬಳ್ಳಿ, ಎಲೆ, ಹೂ. ಬೀದಿಯಲ್ಲಿ ಹೋಗುವವರನ್ನು ನೋಡುವುದಕ್ಕೇ ಕಟ್ಟಿದ ಊರು ಅದು. ನನಗೆ ಅಲ್ಲಿ ಸೊಸೆಯಾಗಿ ಹೋಗಬೇಕು ಅನ್ನಿಸಿತು.

ಸ್ಯಾನ್ ಫ್ರಾನ್ಸಿಸ್ಕೋ ನೋಡಿ ಮಾತ್ರ ಎದೆ ಧಸಕ್ಕೆಂದಿತು. ಬೆಟ್ಟ ಹತ್ತುವ ಊರು! ಮರದ ಮನೆಗಳು ಏರಿನುದ್ದಕ್ಕೂ ಒಂದರ ತಲೆಯ ಮೇಲೆ ಒಂದು. ನಮ್ಮ ಮಧುಗಿರಿಯಲ್ಲೂ, ಮಿಡಿಗೇಶಿಯಲ್ಲೂ, ಅಜ್ಜಿ ಹೇಳುತ್ತಿದ್ದ ನಿಡುಗಲ್ಲಿನಲ್ಲೂ ಬೆಟ್ಟದ ಮೇಲೆ ಕೋಟೆ ಕಟ್ಟಿ, ಆಮೇಲೆ ಎಲ್ಲರೂ ಕೆಳಗಿಳಿದು ಬದುಕಿದರು. ಇವರು ಇಳಿಯಲೇ ಇಲ್ಲ. ಭೂಮಿ ನಡುಗಿ ಊರೆಲ್ಲ ಬಿದ್ದರೂ ಮತ್ತೆ ಅಲ್ಲೇ ಕಟ್ಟಿದರಂತೆ.

ಆ ವರ್ಷದ ದಸರಾಕ್ಕೆ ಅಕ್ಕ ನ್ಯೂಯಾರ್ಕ್ ಕಟ್ಟಿದಳು. ಗೊಂಬೆ ಮೆಟ್ಟಿಲ ಕೆಳಗೆ ಎಲ್ಲರೂ ರಾಗಿ ಮೊಳಕೆಯ ಹೊಲ, ಕೆರೆ, ಹಳ್ಳಿ ಮಾಡುತ್ತಾರೆ. ಮದಲೂರು ಕೆರೆಯನ್ನು ಕನ್ನಡಿಯ ಚೂರಲ್ಲಿ ಮಾಡಿದರೆ ಶಿರಾದಲ್ಲಿ ಅದೇ ದೊಡ್ಡದು. ಅಕ್ಕ ಬೆಂಕಿಪೊಟ್ಟಣದ ಮೇಲೆ ಬೆಂಕಿಪೊಟ್ಟಣ ಅಂಟಿಸಿ, ಬಿಳಿ ಕಾಗದ ಹಚ್ಚಿ, ಕಾಡಿಗೆಯಲ್ಲಿ ಕಿಟಕಿ ಬರೆದಳಂತೆ. ಶಿರಾದ ಬೀದಿ ಬೀದಿಯಿಂದ ಹೆಂಗಸರು ಬಂದರಂತೆ. ಬೀಬಿಯರು ಗಾಡಿಗೆ ಪರದೆ ಕಟ್ಟಿಸಿಕೊಂಡು ಬಂದು, "ಕ್ಯಾ ಖೂಬ್!" ಎಂದು ಮೆಚ್ಚಿದರಂತೆ. ಈ ಅಂತೆಗಳನ್ನೆಲ್ಲ ನನಗೆ ಹೇಳಿದವಳು ಅಲ್ಲಿಗೆ ಹೋಗಿದ್ದ ಅವ್ವ. ಹೇಳುತ್ತ ಹೇಳುತ್ತ ಅವಳ ಮುಖ ಅರಳಿದ್ದು ನೋಡಿ ನನಗೆ ಅನ್ನ ಸೇರಲಿಲ್ಲ.

ಮುಂದಿನ ವರ್ಷ ನಾನೇ ಶಿರಾಕ್ಕೆ ಹೋಗಿ, ನಾಚಿಕೆ ಬಿಟ್ಟು ಕೇಳಿದೆ. "ಅಕ್ಕ, ದಸರಾ ಮುಗಿಯೋಗಂಟ ಪೆಟ್ಟಿಗೆ ಕೊಡಕ್ಕ."

"ಪೆಟ್ಟಿಗೆ ಕೊಡಕ್ಕಾಗಲ್ಲ ಕಣೇ. ನಿಮ್ಮ ಭಾವ ಬೈತಾರೆ. ಬೇಕಾದ್ರೆ ಒಂದು ಚಿತ್ರ ತಗಂಡೋಗು."

ಭಾವ ಬಾಯಿಲ್ಲದ ಮನುಷ್ಯ, ಜೀವಮಾನದಲ್ಲಿ ಯಾರನ್ನೂ ಬೈದವರಲ್ಲ. ಅಕ್ಕ ತನಗೆ ಬೇಡವಾದ ಒಂದು ಚಿತ್ರ ಆರಿಸಿ, ಕಾಗದದಲ್ಲಿ ಸುತ್ತಿ ಕೊಟ್ಟಳು. ಶಿಕಾಗೋ. ಅದನ್ನು ನನಗೆ ಪೆಟ್ಟಿಗೆಯಲ್ಲಿ ತೋರಿಸಿರಲೇ ಇಲ್ಲ.

ಮನೆಗೆ ಬಂದು ಬಿಚ್ಚಿ ನೋಡಿದೆ. ನೇರ ಬೀದಿ, ನೇರ ಗೋಡೆ, ಮಸಿ ಬಣ್ಣದ ಚೌಕ ಚೌಕ ಕಟ್ಟಡಗಳು, ಒಂದಕ್ಕೂ ಅಲಂಕಾರವಿಲ್ಲ. ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತ ಹೆಂಗಸಿನ ಊರು. ನನಗೆ ಹಿಡಿಸಿತು. ಅದಕ್ಕಿಂತ ಹೆಚ್ಚಾಗಿ ಹಿಡಿಸಿದ್ದು, ಆ ಊರಿನಲ್ಲಿ ಎಲ್ಲವೂ ಜೋಡಿ. ಎಡಗಡೆ ಗಡಿಯಾರದ ಗೋಪುರ, ಬಲಗಡೆ ಅದೇ ಗಡಿಯಾರದ ಗೋಪುರ. ಎಡಗಡೆ ಟೋಪಿ ಹಾಕಿದವನು ರಸ್ತೆ ದಾಟುತ್ತಿದ್ದಾನೆ, ಬಲಗಡೆಯೂ ಅಂಥವನೇ ದಾಟುತ್ತಿದ್ದಾನೆ. ನಾನು ಯಾವತ್ತೂ ಪೆಟ್ಟಿಗೆಯೊಳಗೇ ನೋಡಿದವಳು. ಅಕ್ಕ ರಟ್ಟನ್ನು ನನ್ನ ಕೈಗೆ ಕೊಟ್ಟಿದ್ದರಲ್ಲವೇ ಗೊತ್ತಾಗುವುದು? ಒಂದು ಊರನ್ನು ಕಟ್ಟಿ ಸಾಲದೆ ಅದೇ ಥರ ಇನ್ನೊಂದನ್ನು ಪಕ್ಕದಲ್ಲೇ ಕಟ್ಟಿದ ಜನರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ನಮ್ಮ ಯಜಮಾನರು, "ಶಿರಾದೋರು ಬೆಂಕಿಪೊಟ್ಟಣದಾಗೆ ಕಟ್ಟಿದ್ರೆ ನೀನು ಬೆಲ್ಲದಾಗೆ ಕಟ್ಟು," ಎಂದು ತಮಾಷೆಗೆ ಅಂದರು. ನಾನು ತಮಾಷೆ ಅಂದುಕೊಳ್ಳಲಿಲ್ಲ. ಮಂಡಿಯಿಂದ ಕಪ್ಪನೆಯ ಅಚ್ಚು ಬೆಲ್ಲ ತರಿಸಿದೆ. ಬಣ್ಣವೂ ಸರಿ, ಆಕಾರವೂ ಸರಿ. ಹಸಿ ದಾರ ಹಿಡಿದು ಬೀದಿ ನೇರ ಮಾಡಿ, ಎಡಗಡೆ ಒಂದು ಶಿಕಾಗೋ, ಬಲಗಡೆ ಒಂದು ಶಿಕಾಗೋ ಕಟ್ಟಿದೆ. ಹುರಿಗಡಲೆ ಒತ್ತಿ ಕಿಟಕಿ ಮಾಡಿದೆ. ಎಡಗಡೆಯ ಟೋಪಿಯವನು ಎಲ್ಲಿ ನಿಂತಿದ್ದನೋ ಬಲಗಡೆಯವನನ್ನೂ ಅಲ್ಲೇ ನಿಲ್ಲಿಸಿದೆ.

ಕೊರಟಗೆರೆ ಚಿಕ್ಕ ಊರು, ಸುದ್ದಿಗೆ ಹೊತ್ತು ಬೇಕಿಲ್ಲ. ಮೊದಲ ದಿನವೇ ಮನೆ ತುಂಬಿತು. "ಎಲ್ಲಾನೂ ಜೋಡಿ ಮಾಡವ್ರಲ್ಲಮ್ಮ!" ಎಂದು ಒಬ್ಬಳು ಆಶ್ಚರ್ಯಪಟ್ಟರೆ ಇನ್ನೊಬ್ಬಳು, "ದೊಡ್ಡ ಊರು ಅಂದ್ರೆ ಹಂಗೇ ಕಣೇ. ಒಂದು ಸುಟ್ಟೋದ್ರೆ ಇನ್ನೊಂದು ಇರ್ಲಿ ಅಂತ," ಎಂದು ವಿವರಿಸಿದಳು. ಶಿಕಾಗೋ ಒಮ್ಮೆ ಸುಟ್ಟುಹೋಗಿತ್ತೆಂದು ಭಾವ ಹೇಳಿದ್ದು ನನಗೆ ನೆನಪಿತ್ತು. ಆ ಮಾತು ಎಷ್ಟು ಸರಿ ಅನ್ನಿಸಿತೆಂದರೆ, ಮಾರನೇ ದಿನದಿಂದ ನಾನೂ ಅದನ್ನೇ ಹೇಳತೊಡಗಿದೆ.

ದುರ್ಗಾಷ್ಟಮಿಯ ಹೊತ್ತಿಗೆ ಇರುವೆ ಬಂದವು. ಮೊದಲು ಗಡಿಯಾರದ ಗೋಪುರಕ್ಕೆ, ಆಮೇಲೆ ಎರಡೂ ಶಿಕಾಗೋಗಳ ಬೀದಿ ಬೀದಿಗೆ. ಅರಿಸಿನ ಹಾಕಿದೆ, ಕೇಳಲಿಲ್ಲ. ಅದೇ ದಿನ ಮಧುಗಿರಿಯಿಂದ ಅವ್ವ ಬಂದಳು. ದೀಪ ಹಚ್ಚಲು ಮನೆಯಲ್ಲಿ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಇದ್ದಳು. ಶಿರಾದಿಂದ ಅಕ್ಕನೂ ಬಂದಳು; ಅವಳಿಗೆ ಅತ್ತೆಯಿದ್ದಳಲ್ಲ. ಗೊಂಬೆ ಕೂರಿಸಿದ ಮೇಲೆ ದಿನಾ ದೀಪ, ಆರತಿ ತಪ್ಪುವಂತಿಲ್ಲ. ಹಾಗಾಗಿ ದಸರಾದಲ್ಲಿ ಮನೆ ಬಿಟ್ಟು ಕದಲಲಾರದವಳು ನಾನೊಬ್ಬಳೇ.

ಅಕ್ಕ ನನ್ನ ಶಿಕಾಗೋ ನೋಡಿದಳು. ಎಡಗಡೆ ನೋಡಿದಳು, ಬಲಗಡೆ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಊರಿನ ಅಷ್ಟೂ ಹೆಂಗಸರ ಮುಂದೆ.

"ಲೇ, ಇರೋದು ಒಂದೇ ಊರು ಕಣೇ! ಎರಡು ಕಣ್ಣಿಗೆ ಎರಡು ಚಿತ್ರ. ಪೆಟ್ಟಿಗೇಲಿ ಇಟ್ರೆ ಎರಡೂ ಸೇರಿ ಒಂದಾಯ್ತವೆ. ಇವ್ಳು ನೋಡು, ಎರಡು ಕಟ್ಟವ್ಳೆ!"

ನನಗೆ ಆದ ಅವಮಾನ ಹೇಳತೀರದು. ನಕ್ಕಿದ್ದಕ್ಕಿಂತ ಹೆಚ್ಚು ಉರಿದದ್ದು, ಪೆಟ್ಟಿಗೆ ಅವಳ ಹತ್ತಿರ ಇದ್ದದ್ದರಿಂದ ಅವಳಿಗೆ ಅದು ಗೊತ್ತಿತ್ತು ಅನ್ನುವುದು. ಕೊಟ್ಟಿದ್ದರೆ ನನಗೂ ಗೊತ್ತಾಗುತ್ತಿತ್ತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಮೊದಲ ದಿನ ವಿವರಿಸಿದ್ದವಳೂ ನಕ್ಕಳು.

ಅವ್ವ ನಗಲಿಲ್ಲ. ಬಗ್ಗಿ ಇರುವೆಗಳನ್ನು ನೋಡಿದಳು. "ನಿನ್ನ ನ್ಯೂಯಾರ್ಕಿನಾಗೆ ಒಂದು ನರಪಿಳ್ಳೆ ಇರ್ಲಿಲ್ಲ. ಇಲ್ಲಿ ನೋಡು, ಜನ ಹೆಂಗೆ ಓಡಾಡ್ತಾವ್ರೆ," ಎಂದು ಅಕ್ಕನಿಗೆ ಅಂದಳು. ಅಕ್ಕನ ನಗೆ ನಿಂತಿತು. ಆಹಾ, ಆ ಗಳಿಗೆ! ಆಮೇಲೆ ಅವ್ವ ಎರಡೂ ಊರುಗಳನ್ನು ಬಹಳ ಹೊತ್ತು ನೋಡುತ್ತ ಕೂತಳು. "ಇದ್ಯಾವುದು, ಅದ್ಯಾವುದು ಅಂತ ಗೊತ್ತಾಗಲ್ಲ, ಅಲ್ವಾ?" ಎಂದು ತನ್ನಷ್ಟಕ್ಕೇ ಅಂದುಕೊಂಡಳು.

ಮುಂದಿನ ಯುಗಾದಿಗೆ ನಮ್ಮಿಬ್ಬರನ್ನೂ ಮಧುಗಿರಿಗೆ ಕರೆಸಿದಳು. ನಡುಮನೆಯಲ್ಲಿ ಚಾಪೆಯ ಮೇಲೆ ಎರಡು ಜೊತೆ ಪಟ್ಟದ ಗೊಂಬೆ. ಅದೇ ರಕ್ತಚಂದನ, ಅದೇ ಎತ್ತರ, ಅದೇ ಮೀಸೆ, ಅದೇ ಮೂಗುಬೊಟ್ಟು, ಎಲ್ಲಕ್ಕೂ ಹೊಸ ಬಣ್ಣ. "ಒಬ್ಬೊಬ್ರು ಒಂದೊಂದು ಜೊತೆ ತಗಳಿ. ಯಾವುದು ಏನು ಅಂತ ನನ್ನ ಕೇಳಬ್ಯಾಡಿ," ಅಂದಳು. ಅತ್ತಿಗೆ ಇಬ್ಬರಿಗೂ ಕುಂಕುಮ ಇಟ್ಟು, ಮಡಿಲಿಗೆ ಕೊಬ್ಬರಿ ಅಕ್ಕಿ ತುಂಬಿ ಒಳಗೆ ಹೋದಳು.

ಕೊರಟಗೆರೆಗೆ ಬಂದು ಮೊದಲು ಮಾಡಿದ ಕೆಲಸ ರಾಣಿಯ ಸೀರೆ ಎತ್ತಿ ಎಡಗಾಲು ನೋಡಿದ್ದು. ಹಿಮ್ಮಡಿ ದುಂಡಗೆ, ನುಣ್ಣಗೆ, ಇಡಿಯಾಗಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅಜ್ಜಿಯ ಗೊಂಬೆ ಅಕ್ಕನಿಗೇ ಹೋಯಿತು! ಪೆಟ್ಟಿಗೆಯೂ ಅವಳದು, ನ್ಯೂಯಾರ್ಕೂ ಅವಳದು, ಪಾವಗಡದ ರಾಣಿಯೂ ಅವಳದು.

ಅಲ್ಲಿಂದ ಮುಂದೆ ನಾನು ಅಮೆರಿಕವನ್ನು ಬಿಡಲಿಲ್ಲ. ಅಕ್ಕ ಸುಣ್ಣದ ಕಡ್ಡಿಯಲ್ಲಿ ವಾಷಿಂಗ್ಟನ್ ಕಟ್ಟಿದಳೆಂದು ಕೇಳಿದರೆ ನಾನು ಕಲ್ಲುಗುಂಡಿನ ಮೇಲೆ ಬಿದಿರ ಸೀಳಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಏರಿಸಿದೆ. ಅವಳು ತಂತಿಯಲ್ಲಿ ನ್ಯೂ ಆರ್ಲಿಯನ್ಸ್‌ನ ಕಟಾಂಜನ ಹೆಣೆಸಿದಳು. ನಾನು ಹುರುಳಿಕಾಳು ಜೋಡಿಸಿ ಬಾಸ್ಟನ್ನಿನ ಇಟ್ಟಿಗೆ ಗೋಡೆ ಮಾಡಿದೆ. ಜನ ಎರಡೂ ಕಡೆ ನೋಡಿ ಬಂದು ಹೋಲಿಸುತ್ತಿದ್ದರು. ಶಿರಾದ್ದು ನೋಡಕ್ಕೆ ಚೆಂದ, ಕೊರಟಗೆರೇದು ಇರಕ್ಕೆ ಚೆಂದ ಎಂದು ಯಾರೋ ಅಂದದ್ದು ನನ್ನ ಕಿವಿಗೆ ಬಿದ್ದು ಒಂದು ತಿಂಗಳು ಹೊಟ್ಟೆ ತಂಪಾಗಿತ್ತು. ಆದರೆ ಆರತಿ ಎತ್ತಿ ಮೇಲಿನ ಮೆಟ್ಟಿಲು ನೋಡಿದ ಕೂಡಲೇ ಮತ್ತೆ ಉರಿ. ನನ್ನ ರಾಣಿ ಅಷ್ಟು ಚೆಲುವೆ, ಅವಳ ಕಾಲು ಮುರಿದಿಲ್ಲವಲ್ಲ ಎಂದು ಅವಳನ್ನು ಕಂಡರೆ ನನಗಾಗುತ್ತಿರಲಿಲ್ಲ.

ಅವ್ವ ತೀರಿಕೊಂಡಳು. ಕೊನೆಯ ಎರಡು ವರ್ಷ ಹಾಸಿಗೆ ಹಿಡಿದಿದ್ದಳು. ನಾನೂ ಅಕ್ಕನೂ ಹೋಗಿ ನೋಡಿ, ಕಣ್ಣೀರು ಹಾಕಿ ಬರುತ್ತಿದ್ದೆವು. ಎತ್ತಿ ಕೂರಿಸಿದವಳು, ಉಣಿಸಿದವಳು, ಬಟ್ಟೆ ಒಗೆದವಳು ಅತ್ತಿಗೆ.

ಎರಡನೇ ಮಹಾಯುದ್ಧದ ಕಾಲಕ್ಕೆ ನನಗೂ ಸೊಸೆ ಬಂದಿದ್ದಳು. ಪೆಟ್ರೋಲ್ ಸಿಗದೆ ಬಸ್ಸುಗಳು ಹಿಂದೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡಾಡುತ್ತಿದ್ದವು. ಒಂದು ದಸರಾದಲ್ಲಿ ಅಂಥ ಬಸ್ಸಿನಿಂದ ಅಕ್ಕ ಕೊರಟಗೆರೆಯಲ್ಲಿ ಇಳಿದಳು. ತಲೆ ಬೆಳ್ಳಗಾಗಿತ್ತು, ಮಂಡಿ ನೋವು. ಕಾಫಿ ಬೇಡ ಅಂದಳು. ನಾನು ಕಟ್ಟಿದ್ದ ಊರನ್ನು ತಿರುಗಿ ಕೂಡ ನೋಡಲಿಲ್ಲ. ನೇರ ಹೋಗಿ ಮೇಲಿನ ಮೆಟ್ಟಿಲಿನಿಂದ ರಾಣಿಯನ್ನು ಇಳಿಸಿ, ಸೀರೆ ಎತ್ತಿದಳು.

"ಎಲ್ಲೇ ಅದು?"

"ಯಾವುದಕ್ಕ?"

"ಹಿಮ್ಮಡಿ ಮುರಿದಿದ್ದು. ಅಜ್ಜಿ ಗೊಂಬೆ ನಿನಗೇ ತಾನೆ ಕೊಟ್ಟಿದ್ದು ಅವ್ವ? ಸಾಯೋ ಮುಂಚೆ ಒಂದು ಸಲ ಕಣ್ಣಲ್ಲಿ ನೋಡಿ ಹೋಗಾನ ಅಂತ ಬಂದೆ."

"ನಿನ್ನ ಹತ್ರ ಇಲ್ವಾ?" ಅಂದೆ.

"ನನ್ನ ಹತ್ರ ಇದ್ದಿದ್ರೆ ಈ ಮಂಡಿ ಇಟ್ಕಂಡು ಯಾಕೆ ಬರ್ತಿದ್ದೆ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಇಷ್ಟು ವರ್ಷ ನಾನು ಅವಳ ಮೇಲೆ ಉರಿದಷ್ಟೇ ಅವಳೂ ನನ್ನ ಮೇಲೆ ಉರಿದಿದ್ದಳು. ನನಗಂತೂ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಗೊಂಬೆ ಕೂರಿಸುವ ಪ್ರತಿ ಮನೆಯಲ್ಲೂ ಪಟ್ಟದ ಗೊಂಬೆ ಇರಬೇಕು. ನಮಗೆ ಕೊಟ್ಟ ಮೇಲೆ ಅವ್ವ ತನ್ನ ಮನೆಯ ಮೇಲಿನ ಮೆಟ್ಟಿಲಲ್ಲಿ ಯಾರನ್ನು ಕೂರಿಸಿದಳು? ನ್ಯೂಯಾರ್ಕಿನಲ್ಲಿ ಜಗುಲಿ ಇಲ್ಲವೆಂದು ನೋಡಿದ ಕಣ್ಣಿಗೆ, ಸ್ವಂತ ತವರಿನ ಗೊಂಬೆ ಮೆಟ್ಟಿಲು ನೆನಪಿಗೇ ಬಂದಿರಲಿಲ್ಲ.

ದೀಪ ನೋಡಿಕೊಳ್ಳಲು ಸೊಸೆಗೆ ಹೇಳಿ, ಮಧ್ಯಾಹ್ನದ ಬಸ್ಸಿಗೇ ಮಧುಗಿರಿಗೆ ಹೊರಟೆವು. ಪಕ್ಕಪಕ್ಕ ಕೂತಿದ್ದೆವು. "ಅತ್ತಿಗೆ ಬಾಯಿ ಬುಡ್ದೇ ಇಟ್ಕಂಡವ್ಳಲ್ಲೇ!" ಎಂದು ಅಕ್ಕ ಅಂದಳು. "ಮಹಾ ಸಾಧು ಥರ ಇದ್ದು!" ಎಂದು ನಾನಂದೆ. ನಮ್ಮಿಬ್ಬರಲ್ಲಿ ಅಷ್ಟು ಒಗ್ಗಟ್ಟು ಅದುವರೆಗೆ ಯಾವತ್ತೂ ಇರಲಿಲ್ಲ.

ಅತ್ತಿಗೆ ಕೂರಿಸಿದ್ದ ಗೊಂಬೆ ಸಾಲು ಅವಳಷ್ಟೇ ಸಣ್ಣದು. ಅಮೆರಿಕ ಇಲ್ಲ, ಏನಿಲ್ಲ. ಒಂದು ತಟ್ಟೆಯಲ್ಲಿ ರಾಗಿ ಮೊಳಕೆ, ನಡುವೆ ಮಣ್ಣಿನ ಹಸು, ಹಿಂದೆ ಒಂದು ಕಲ್ಲು, ನಮ್ಮ ಬೆಟ್ಟದ ಹಾಗೆ ನಿಂತದ್ದು. ಮೇಲಿನ ಮೆಟ್ಟಿಲಲ್ಲಿ ಬಣ್ಣ ಮಾಸಿದ ರಾಜ, ರಾಣಿ. ಅಕ್ಕನ ಮಂಡಿ ಬಗ್ಗದು, ನಾನೇ ಸೀರೆ ಎತ್ತಿದೆ. ಎಡಗಾಲಿನ ಹಿಮ್ಮಡಿ ಮುರಿದಿತ್ತು.

ಅತ್ತಿಗೆ ಹೂ ಕಟ್ಟುತ್ತ ಕೂತಿದ್ದವಳು ತಲೆ ಎತ್ತಿದಳು. "ಅವ್ವ ಇಲ್ಲೇ ಇರ್ಲಿ ಅಂದ್ರು. ನೀವು ಕೇಳಿದ್ರೆ ಹೇಳ್ತಿದ್ದೆ. ಯಾವತ್ತೂ ಕೇಳ್ನಿಲ್ಲವಲ್ಲಮ್ಮ," ಅಂದಳು. ಆಮೇಲೆ ಹೂ ಬದಿಗಿಟ್ಟು ಎದ್ದು, ರಾಜನನ್ನೂ ರಾಣಿಯನ್ನೂ ಇಳಿಸಿ ನಮ್ಮಿಬ್ಬರ ನಡುವೆ ಚಾಪೆಯ ಮೇಲೆ ಇಟ್ಟಳು.

"ನಿಮ್ಮಜ್ಜೀವು. ತಗಂಡೋಗಂಗಿದ್ರೆ ತಗಂಡೋಗಿ. ಆದ್ರೆ ಇರೋದು ಒಂದೇ ಜೊತೆ. ಯಾರು ತಗಂಡೋಗ್ತೀರಾ, ಹೇಳಿ."

ಅಕ್ಕ ನನ್ನನ್ನು ನೋಡಿದಳು. ನಾನು ಅಕ್ಕನನ್ನು ನೋಡಿದೆ. ನೀನು ತೆಗೆದುಕೋ ಎಂದು ಹೇಳಲು ಅವಳಿಂದಾಗಲಿಲ್ಲ, ನನ್ನಿಂದಲೂ ಆಗಲಿಲ್ಲ. ಕೊನೆಗೆ ಇಬ್ಬರ ಬಾಯಲ್ಲೂ ಒಟ್ಟಿಗೇ ಒಂದೇ ಮಾತು ಬಂತು.

"ಇಲ್ಲೇ ಇರ್ಲಿ ಬುಡು, ಅತ್ತಿಗೆ."

ಅತ್ತಿಗೆ ಅವರನ್ನು ಎತ್ತಿ ಮತ್ತೆ ಮೇಲೆ ಕೂರಿಸಿ, ಹೂ ಮುಡಿಸಿ, ನಮಗೆ ಚಕ್ಕುಲಿ ಕೊಟ್ಟಳು. ಅವಳ ಮೇಲೂ ಹೊಟ್ಟೆಯುರಿಯಿತು, ಆದರೆ ಆ ಉರಿಯನ್ನು ಹೇಳಿಕೊಳ್ಳುವುದಕ್ಕೆ ನಮಗೆ ಬಾಯಿರಲಿಲ್ಲ. ಬಸ್ಸಿಗೆ ಕಾಯುತ್ತ ಮರದಡಿಯಲ್ಲಿ ಕೂತಿದ್ದಾಗ ಅಕ್ಕ ಮಂಡಿ ನೀವಿಕೊಳ್ಳುತ್ತ, ಎತ್ತಲೋ ನೋಡುತ್ತ ಕೇಳಿದಳು:

"ಬರೋ ದಸರಾಕ್ಕೆ ಯಾವ ಊರು ಕಟ್ತೀಯೇ?"

ನಾನು ಹೇಳಲಿಲ್ಲ.